ಆರ್ಡರ್ ಸುರಿದಾಗ ಮೊದಲು ಕೈ ಎಣಿಸಿ

ಯಾರೋ ಒಬ್ಬ ಸೈಕಲ್ ಸವಾರ ವಿಡಿಯೊ ಹಾಕಿದನೆನ್ನಿ. ಬೆಳಗಾಗುವಷ್ಟರಲ್ಲಿ ಮುನ್ನೂರು ಆರ್ಡರ್. ಸೀಟಿನ ಕೆಳಗೆ ಕಟ್ಟುವ ತೊಗಲಿನ ಚೀಲ, ಹ್ಯಾಂಡಲ್‌ಗೆ ಸುತ್ತುವ ಪಟ್ಟಿ. ಬೆಳಗಾವಿಯ ಒಂದು ಕೋಣೆಯಲ್ಲಿ, ಖಾನಾಪುರದ ಒಂದು ಪಡಸಾಲೆಯಲ್ಲಿ ಹೊಲಿಯುವವರು ಈಗ ಏನು ಮಾಡಬೇಕು?

1. ಗಡಿಯಾರ ಹಿಡಿದು ಕೂಡಿ. ಕತ್ತರಿಸುವುದು, ತೂತು ಹಾಕುವುದು, ಹೊಲಿಯುವುದು, ರಿವೆಟ್ ಬಡಿಯುವುದು, ಅಂಚು ಉಜ್ಜುವುದು: ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಡಿ. ಎಲ್ಲಕ್ಕಿಂತ ನಿಧಾನದ ಕೆಲಸವೇ ನಿಮ್ಮ ದಿನದ ಲೆಕ್ಕ. ಹೆಚ್ಚಾಗಿ ಅದು ಹೊಲಿಗೆ. ದಿನಕ್ಕೆ ಎಂಟೇ ಚೀಲ ಹೊಲಿಯಲು ಆಗುವುದಾದರೆ ಮುನ್ನೂರಕ್ಕೆ 38 ದಿನ ಬೇಕು. ಕತ್ತರಿಸುವವರು ನಲವತ್ತು ಕತ್ತರಿಸಿ ಗುಡ್ಡೆ ಹಾಕಿದರೆ ಕೋಣೆ ತುಂಬುತ್ತದೆ, ಅಷ್ಟೇ.

2. ತಾರೀಖು ಹೇಳುವ ಮುಂಚೆ ಹೊಲ ನೋಡಿ. ಜೂನ್-ಜುಲೈನಲ್ಲಿ ಖಾನಾಪುರದ ಹಳ್ಳಿಗಳಲ್ಲಿ ಭತ್ತದ ನಾಟಿ. ಹೊಲಿಯುವ ಕೈಗಳೆಲ್ಲ ಗದ್ದೆಯಲ್ಲಿರುತ್ತವೆ. ಅದು ಮುಗಿಯಿತೆನ್ನುವಷ್ಟರಲ್ಲಿ ಗಣಪತಿ ಹಬ್ಬ, ಆಗ ಬೆಳಗಾವಿಯಲ್ಲಿ ಕೆಲಸದ ಮಾತೆತ್ತುವುದೇ ಕಷ್ಟ. ಲೆಕ್ಕದಲ್ಲಿ ಬಂದ ದಿನಗಳಿಗೆ ಒಂದು ವಾರ ಸೇರಿಸಿಯೇ ಗಿರಾಕಿಗೆ ಹೇಳಿ.

3. ಕತ್ತರಿಸುವುದನ್ನು ಅಚ್ಚಿಗೆ ಬಿಡಿ. ಬೆಳಗಾವಿಯಲ್ಲೇ ಉದ್ಯಮಬಾಗ್ ಇದೆ. ಫೌಂಡ್ರಿ, ಲೇತ್, ಹೈಡ್ರಾಲಿಕ್ ಬಿಡಿಭಾಗಗಳಿಗೆ ಹೆಸರಾದ ಪ್ರದೇಶದಲ್ಲಿ ತೊಗಲು ಕತ್ತರಿಸುವ ಉಕ್ಕಿನ ಅಚ್ಚು ಮಾಡಿಸಲು ಬೇರೆ ಊರಿಗೆ ಓಡಬೇಕಾಗಿಲ್ಲ. 1866ರಲ್ಲಿ ತೊಗಲಿನ ಕೆಲಸ ಶುರುಮಾಡಿ ಮುಂದೆ ತೊಗಲಿನ ಸೈಕಲ್ ಸೀಟಿಗೆ ಹೆಸರಾದ ಇಂಗ್ಲೆಂಡಿನ ಬ್ರೂಕ್ಸ್ ಕೂಡ ಪ್ರೆಸ್ ಬಳಸುತ್ತದೆ. ಕೈಕೆಲಸವೆಂದು ಗಿರಾಕಿ ದುಡ್ಡು ಕೊಡುವುದು ಹೊಲಿಗೆಗೆ, ಕತ್ತರಿಗಲ್ಲ.

4. ತೊಗಲನ್ನು ಮಾತ್ರ ಅವಸರಿಸಬೇಡಿ. ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಪ್ರಾಡಾ ಅಂಥದ್ದೇ ಚಪ್ಪಲಿಯನ್ನು ಮಿಲಾನಿನಲ್ಲಿ ತೋರಿಸಿದಾಗ ಎಲ್ಲರ ಕಣ್ಣೂ ಇತ್ತ ಹೊರಳಿತು. ಆದರೆ ತೊಗಟೆ, ಕಾಯಿಗಳಲ್ಲಿ ತೊಗಲು ಹದವಾಗಲು ಬೇಕಾದ ವಾರಗಳು ಯಾರು ಕೇಳಿದರೂ ಕಡಿಮೆಯಾಗುವುದಿಲ್ಲ. ಅರೆಹದದ ತೊಗಲಿನ ಚೀಲ ಮೊದಲ ಮಳೆಗೇ ಬೂಸಲು ಹಿಡಿಯುತ್ತದೆ. ಸಾಲದಾದರೆ ಕ್ಯಾನ್ವಾಸ್ ಚೀಲ ಕೊಡಬಹುದೇ ಎಂದು ಗಿರಾಕಿಯನ್ನೇ ಕೇಳಿ, ಹಲವರು ಒಪ್ಪುತ್ತಾರೆ.

5. ಮಾದರಿ ಕೊಡಿ, ಮಾತು ಬೇಡ. ಖಾನಾಪುರದ ಮನೆಗಳಲ್ಲಿ ಮರಾಠಿ, ಕನ್ನಡ, ಕೊಂಕಣಿ ಎಲ್ಲ ನಡೆಯುತ್ತದೆ. ಚೀಟಿಯಲ್ಲಿ ಬರೆದು ಕಳಿಸಿದ ಅಳತೆ ದಾರಿಯಲ್ಲೇ ಬದಲಾದೀತು. ಪ್ರತಿ ಮನೆಗೂ ಮುಗಿದ ಒಂದು ಚೀಲ, ಒಂದು ರಟ್ಟಿನ ಅಳತೆಪಟ್ಟಿ. ಮೊದಲ ಐದನ್ನು ನೀವೇ ಹೋಗಿ ಎಳೆದು ನೋಡಿ. ಬೆಳಗಾವಿಯಿಂದ ದಾರಿ ಮೂವತ್ತು ಕಿಲೋಮೀಟರೂ ಇಲ್ಲ.

6. ಉದರಿ ಬೇಡ. ಬಿಡಿ ಗಿರಾಕಿಯಿಂದ ಅರ್ಧ ಮುಂಗಡ. ಅಂಗಡಿ, ಕಂಪನಿಗಳಿಗೆ ಮಾಲು ಕೊಡುವ ಮುಂಚೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬರಹದ ಒಪ್ಪಂದವಿದ್ದರೂ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಾಗೆಂದು ನಿಮ್ಮ ಚೀಲವೂ ಅದರಲ್ಲೇ ಬರುತ್ತದೆ ಎಂದುಕೊಳ್ಳಬೇಡಿ. ಬಿಲ್ಲು ಬರೆಯುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಿ.

7. ಬಣ್ಣ ಎರಡೇ. ಹೆಸರು ಕೊರೆದುಕೊಡಿ ಎನ್ನುವವರಿಗೆ ಮುಂದಿನ ತಿಂಗಳು ಬನ್ನಿ ಎನ್ನಿ.

8. ಹೊಸ ಯಂತ್ರಕ್ಕೆ ಸಾಲ ಮಾಡಬೇಡಿ, ಈಗಲೇ ಅಂತೂ ಬೇಡ. 2020ರಲ್ಲಿ ಕೋವಿಡ್ ಕಾಲಕ್ಕೆ ಜಗತ್ತಿನಾದ್ಯಂತ ಸೈಕಲ್ ಬೇಡಿಕೆ ಉಕ್ಕಿತು. ಅದನ್ನೇ ನಂಬಿ ಮಾಲು ತರಿಸಿದವರ ಗೋದಾಮುಗಳು 2022-23ರಲ್ಲಿ ಮಾರಾಟವಾಗದೆ ತುಂಬಿ ಕೂತವು. ಎರಡನೇ ಸಲವೂ ಅದೇ ಗಿರಾಕಿಗಳು ಕೇಳಿ ಬರುವ ತನಕ ಯಂತ್ರ ಬಾಡಿಗೆಗೆ ಸಿಕ್ಕರೆ ಸಾಕು.

9. ಪ್ರತಿ ಪೊಟ್ಟಣದಲ್ಲೂ ಒಂದು ಬಕಲ್, ನಾಲ್ಕು ರಿವೆಟ್ ಹೆಚ್ಚಿಗೆ ಇಡಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹೊದಿಕೆಯೂ ಇರಲಿ.