ಹೊಳೆ ದಾಟದೆ ಹೊಳೆಯ ಅಗಲ: ಸ್ಕೌಟ್ ಹಗ್ಗದಿಂದ ಒಂದು ಸರ್ವಸಮತೆಯ ಪಾಠ

ತರಗತಿ: 9. ವಿಷಯ: ಗಣಿತ. ಘಟಕ: ತ್ರಿಭುಜಗಳು. ಕಲಿಕಾಂಶ: ಕೋ.ಬಾ.ಕೋ. ಸರ್ವಸಮತೆಯ ನಿಯಮ. ಅವಧಿ: ಎರಡು ಪೀರಿಯಡ್ ಮತ್ತು ಶನಿವಾರದ ಒಂದು ಸ್ಕೌಟ್ ಅವಧಿ. ಬೋಧನೋಪಕರಣ: ಸ್ಕೌಟ್ ಹಗ್ಗ, ಗೂಟ, ಸುಣ್ಣದ ಪುಡಿ, ಅಳತೆ ಟೇಪು.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ತರಗತಿಯಲ್ಲಿ 38 ಮಕ್ಕಳು. ಪೂರ್ವಜ್ಞಾನ ಪರೀಕ್ಷಿಸಲು ಕೋ.ಬಾ.ಕೋ. ನಿಯಮ ಕೇಳಿದೆ, ಹಲವರು ತಡವರಿಸದೆ ಹೇಳಿದರು. ಇದನ್ನು ಎಲ್ಲಿ ಬಳಸುತ್ತೀರಿ ಎಂದರೆ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಪರೀಕ್ಷೇಲಿ ಮಿಸ್, ಮೂರು ಮಾರ್ಕಿಗೆ.”

ಅದೇ ತರಗತಿಯಲ್ಲಿ 11 ಮಂದಿ ಸ್ಕೌಟ್ಸ್ ಮತ್ತು ಗೈಡ್ಸ್ ಇದ್ದರು. ಹೊಳೆಯ ಅಗಲವನ್ನು ದಾಟದೆ ಹೇಗೆ ಅಳೆಯುತ್ತೀರಿ ಎಂದು ಅವರನ್ನು ಕೇಳಿದೆ. ಎಲ್ಲಿ ಗೂಟ ನೆಡಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲಿ ತಿರುಗಬೇಕು, ಎಲ್ಲವನ್ನೂ ಪಟಪಟನೆ ಒಪ್ಪಿಸಿದರು. ಹಾಗೆ ನಡೆದರೆ ಉತ್ತರ ಸರಿಯಾಗಿ ಏಕೆ ಬರುತ್ತದೆ? “ಬತ್ತದೆ ಮಿಸ್, ಸಾರ್ ಹೇಳ್ಕೊಟ್ಟವ್ರೆ.” ಸಾಧನೆ ಪುಸ್ತಕದಲ್ಲಿ, ಪ್ರಯೋಗ ಮೈದಾನದಲ್ಲಿ, ಒಂದೇ ಮಗುವಿನ ತಲೆಯಲ್ಲಿ ಎರಡೂ ಇದ್ದು ಪರಸ್ಪರ ಪರಿಚಯವಿಲ್ಲ. ಪಾಠಯೋಜನೆಯನ್ನು ಇದರ ಮೇಲೆಯೇ ಕಟ್ಟಿದೆ.

ಸ್ಕೌಟ್ ಎಂದರೆ ಆಗಸ್ಟ್ 15ರ ಪಥಸಂಚಲನ, ಕೊರಳಿಗೆ ಸ್ಕಾರ್ಫ್ ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ನಾಲ್ಕು ತಂಡಗಳಾಗಿ ಮಾಡಿ ಗಮನಿಸುವುದು, ಹೆಜ್ಜೆ ಗುರುತು ಹಿಡಿಯುವುದು, ಡೇರೆ ಹಾಕಿ ಬದುಕುವುದು ಇಂಥವನ್ನೇ ಕಲಿಸಿದ್ದು. ಎರಡೇ ವರ್ಷದಲ್ಲಿ, 1909ರಲ್ಲಿ, ಈ ಚಳವಳಿ ಭಾರತಕ್ಕೆ ಬಂತು. ಮೊದಲ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಅದರ ಸೋಪಾನಗಳಲ್ಲಿ ಗಂಟುಗಳು, ಪ್ರಥಮ ಚಿಕಿತ್ಸೆ, ದಿಕ್ಸೂಚಿಯ ಜೊತೆಗೆ ಎತ್ತರ ಮತ್ತು ದೂರಗಳ ಅಂದಾಜೂ ಇದೆ. ಗಣಿತ ಶಿಕ್ಷಕರು ಈ ಭಾಗವನ್ನು ದೈಹಿಕ ಶಿಕ್ಷಕರ ಪಾಲಿಗೆ ಬಿಟ್ಟುಬಿಟ್ಟಿರುವುದು ನನಗೆ ಸರಿ ಕಾಣಲಿಲ್ಲ. ಪಿ.ಇ. ಸಾರ್ ಅವರನ್ನು ಕೇಳಿಕೊಂಡು ಒಂದು ಶನಿವಾರದ ಅವಧಿಯನ್ನು ಇಡೀ ತರಗತಿಗೆ ಪಡೆದೆ.

ಮೊದಲು ಹೆಜ್ಜೆಯ ಅಳತೆ. 20 ಮೀಟರ್ ಟೇಪು ಹಾಸಿ ಪ್ರತಿಯೊಬ್ಬರೂ ಮೂರು ಸಲ ನಡೆದು ಸರಾಸರಿ ತೆಗೆದರು. ಒಬ್ಬನಿಗೆ 30 ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 67 ಸೆಂ.ಮೀ.; ಇನ್ನೊಬ್ಬಳಿಗೆ 36 ಹೆಜ್ಜೆ, ಸುಮಾರು 56 ಸೆಂ.ಮೀ. ನೋಡುವವರಿದ್ದರೆ ಉದ್ದ ಹೆಜ್ಜೆ ಹಾಕುವ ಚಪಲ ಹುಡುಗರಿಗೆ. ಅದಕ್ಕೇ ಮೂರು ಸಲ. ಗೇಣು, ಮೊಳ, ಮಾರುಗಳನ್ನೂ ಅಳೆದುಕೊಂಡರು. ಸಂತೆಯಲ್ಲಿ ಹೂವು ಕೊಳ್ಳುವಾಗ ಯಾರ ಮೊಳ ಎಂದು ಅಜ್ಜಿ ಜಗಳ ಆಡುವುದು ಏಕೆಂದು ಈಗ ತಿಳಿಯಿತು ಎಂದಳು ಒಬ್ಬ ಹುಡುಗಿ.

ಆಮೇಲೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ 12 ಮೀಟರ್ ಅಗಲದ ‘ಹೊಳೆ’ ಬರೆದೆವು. ಅಗಲ ಎಷ್ಟೆಂದು ಮಕ್ಕಳಿಗೆ ಹೇಳಲಿಲ್ಲ. ಆಚೆ ದಡದಲ್ಲಿ ಒಂದು ಗೂಟ. ಅದು ಮರ, ‘ಮ’. ಅದರ ನೇರ ಎದುರಿಗೆ ಈಚೆ ದಡದಲ್ಲಿ ‘ಅ’. ಅಲ್ಲಿಂದ ದಡದ ಗುಂಟ 10 ಮೀಟರ್‌ಗೆ ತಕ್ಕ ಹೆಜ್ಜೆ ನಡೆದು ‘ನ’ ಎಂಬ ನಡುಗೂಟ. ಅದೇ ಗೆರೆಯಲ್ಲಿ ಮತ್ತೆ ಅಷ್ಟೇ ಹೆಜ್ಜೆ ನಡೆದು ‘ಕ’. ಅಲ್ಲಿ ಹೊಳೆಗೆ ಬೆನ್ನು ತಿರುಗಿಸಿ, ದಡಕ್ಕೆ ಲಂಬವಾಗಿ ನಡೆಯುತ್ತ ಹೋಗುವುದು. ನಡುಗೂಟವೂ ಮರವೂ ಒಂದೇ ಗೆರೆಯಲ್ಲಿ ಕಂಡ ಜಾಗದಲ್ಲಿ ನಿಂತರೆ ಅದು ‘ದ’. ‘ಕ’ದಿಂದ ‘ದ’ಗೆ ಎಷ್ಟು ದೂರವೋ ಅಷ್ಟೇ ಹೊಳೆಯ ಅಗಲ.

ನಾಲ್ಕು ತಂಡ, ನಾಲ್ಕು ಉತ್ತರ: 11.6, 12.1, 12.3, ಮತ್ತು 15.4 ಮೀಟರ್. ಕೊನೆಯ ತಂಡದವರು ಹೆಜ್ಜೆ ಎಣಿಸುವುದರಲ್ಲಿ ತಪ್ಪಾಗಿರಬೇಕೆಂದು ಮತ್ತೆ ನಡೆದರು. ಮತ್ತೆ 15ರ ಮೇಲೇ ಬಂತು. ಈ ತಂಡದ ಲೀಡರ್ ಚೆನ್ನಾಗಿ ಪಳಗಿದ ಸ್ಕೌಟ್. ಅವನ ಹೆಜ್ಜೆಯಲ್ಲಿ ದೋಷವಿರಲಿಲ್ಲ.

ದೋಷ ಹಿಡಿದವನು ಸ್ಕೌಟ್ ಅಲ್ಲದ ಹುಡುಗ. ಅವನ ಅಪ್ಪ ಗಾರೆ ಕೆಲಸದವರು. ರಜಾ ದಿನಗಳಲ್ಲಿ ಇವನೂ ಕೆಲಸಕ್ಕೆ ಹೋಗುತ್ತಾನೆ, ಸಮವಸ್ತ್ರದ ಖರ್ಚೂ ಇರುವುದರಿಂದ ದಳಕ್ಕೆ ಸೇರಿಲ್ಲ. ‘ಕ’ದ ಹತ್ತಿರ ನಿಂತು ನೋಡಿ, “ಮೂಲೆಮಟ್ಟ ಇಲ್ಲ ಮಿಸ್, ಆಚೆಗೆ ವಾಲೈತೆ” ಎಂದ. ಮನೆಯ ಪಾಯ ಗುರುತು ಮಾಡುವಾಗ ಅಪ್ಪ 3, 4, 5 ಅಡಿಯ ಲೆಕ್ಕ ಹಿಡಿಯುತ್ತಾರೆಂದೂ ಹೇಳಿದ. ಸ್ಕೌಟ್ ಹಗ್ಗಕ್ಕೆ ಹನ್ನೆರಡು ಸಮ ಭಾಗ ಬರುವಂತೆ ಗಂಟು ಹಾಕಿಸಿದೆವು; ಮೂರು, ನಾಲ್ಕು, ಐದು ಭಾಗಗಳ ತ್ರಿಭುಜವಾಗಿ ಎಳೆದಾಗ ಮೂಲೆಯಲ್ಲಿ ಲಂಬಕೋನ ಸಿಕ್ಕಿತು. ತಂಡದವರು ಸುಮಾರು 10 ಡಿಗ್ರಿ ಹೊರಕ್ಕೆ ವಾಲಿ ನಡೆದಿದ್ದರು. ಹಗ್ಗ ಇಟ್ಟು ಮತ್ತೆ ನಡೆದಾಗ 12.2 ಬಂತು.

ರಾತ್ರಿ ಲೆಕ್ಕ ಹಾಕಿ ನೋಡಿದೆ. ಈ ಅಳತೆಗಳಲ್ಲಿ 10 ಡಿಗ್ರಿ ಹೊರಕ್ಕೆ ವಾಲಿದರೆ 12 ಮೀಟರ್ ಹದಿನೈದೂವರೆಯ ಹತ್ತಿರ ಹೋಗುತ್ತದೆ; ಅಷ್ಟೇ ಒಳಕ್ಕೆ ವಾಲಿದರೆ 10 ಮೀಟರ್ ಆಗುತ್ತದೆ. ಹೊರಕ್ಕೆ ವಾಲಿದಾಗಲೇ ಹೆಚ್ಚು ಏಟು. ಹೆಜ್ಜೆಯ ಎಣಿಕೆಯಲ್ಲಿ ಒಂದೆರಡು ಆಚೀಚೆ ಆದರೂ ಇಷ್ಟು ಕೆಡುವುದಿಲ್ಲ.

ಸೋಮವಾರದ ಪೀರಿಯಡ್‌ನಲ್ಲಿ ಹಲಗೆಯ ಮೇಲೆ ಚಿತ್ರ ಬರೆದೆ. ತ್ರಿಭುಜ ಮಅನ, ತ್ರಿಭುಜ ದಕನ. ‘ಅ’ ಮತ್ತು ‘ಕ’ದಲ್ಲಿ ಲಂಬಕೋನ. ಅನ ಮತ್ತು ಕನ ಸಮ, ಏಕೆಂದರೆ ಹಾಗೆಯೇ ನಡೆದೆವು. ‘ನ’ದಲ್ಲಿ ಶೃಂಗಾಭಿಮುಖ ಕೋನಗಳು. ಎರಡು ಕೋನ, ನಡುವೆ ಬಾಹು. ಇಷ್ಟು ಬರೆಯುವ ಹೊತ್ತಿಗೆ ಮುಂದಿನದನ್ನು ಮಕ್ಕಳೇ ಹೇಳಿದರು. ‘ದತ್ತ’ ಎಂಬ ಪದಕ್ಕೆ ಅವತ್ತು ಅರ್ಥ ಬಂತೆಂದು ನನ್ನ ಭಾವನೆ: ಲಂಬಕೋನವನ್ನು ಪುಸ್ತಕ ಕೊಟ್ಟುಬಿಡುತ್ತದೆ, ಮೈದಾನದಲ್ಲಿ ನಾವೇ ದುಡಿದು ಪಡೆಯಬೇಕು.

ಅಂದಾಜು ತಪ್ಪಿದ ತಂಡದವರ ಮುಖ ಇನ್ನೂ ಸಪ್ಪಗಿತ್ತು. ಅವರಿಗಾಗಿ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಷಯ ಹೇಳಿದೆ. ಗೊಮ್ಮಟನ ಎತ್ತರವನ್ನು ಬುಕಾನನ್ 70 ಅಡಿ 3 ಅಂಗುಲವೆಂದೂ ಆರ್ಥರ್ ವೆಲ್ಲೆಸ್ಲಿ 60 ಅಡಿ 3 ಅಂಗುಲವೆಂದೂ ಕೊಟ್ಟಿದ್ದರು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅಳೆಸಿದಾಗ ಬಂದದ್ದು 57 ಅಡಿ. ಸೈನ್ಯ ನಡೆಸಿದವರೇ ಹೀಗಾದರೆ ನಮ್ಮದೇನು ಬಿಡಿ ಮಿಸ್ ಎಂದು ನಕ್ಕರು.

ನಿಜವಾದ ಹೊಳೆಗೆ ಏಕೆ ಕರೆದುಕೊಂಡು ಹೋಗಲಿಲ್ಲ ಎಂದು ಮೇಲ್ವಿಚಾರಕ ಉಪನ್ಯಾಸಕರು ಕೇಳಿದರು. ಹೊಳೆನರಸೀಪುರ ಇರುವುದು ಗೊರೂರು ಅಣೆಕಟ್ಟೆಯ ಕೆಳಗೆ. ನೀರು ಬಿಟ್ಟರೆ ಹೇಮಾವತಿ ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ‘ಕ’ದಿಂದ ಹಿಂದಕ್ಕೆ ನಡೆಯುವವನ ಕಣ್ಣು ಗೂಟದ ಮೇಲಿರುತ್ತದೆ, ಕಾಲಿನ ಮೇಲಲ್ಲ. 38 ಮಕ್ಕಳಿಗೆ ಒಬ್ಬ ಪ್ರಶಿಕ್ಷಣಾರ್ಥಿ ಸಾಲದು. ಅರಕಲಗೂಡು ಕಡೆ, ರಾಮನಾಥಪುರದ ಕಾವೇರಿ ದಂಡೆಯ ಶಾಲೆಗಳಿಗೆ ಹೋಗುವ ಸ್ನೇಹಿತರಿಗೂ ಇದೇ ನನ್ನ ಮಾತು. ಹಾಸನದ ಊರೊಳಗಿನ ಶಾಲೆಗೆ ಮೈದಾನ ಸಾಲದಿದ್ದರೆ ‘ನಕ’ವನ್ನು ‘ಅನ’ದ ಅರ್ಧಕ್ಕೆ ಇಳಿಸಿ, ಆಗ ‘ಕದ’ ಅಗಲದ ಅರ್ಧ ಬರುತ್ತದೆ. ಆದರೆ ಅದು ಸಮರೂಪ ತ್ರಿಭುಜ, 10ನೇ ತರಗತಿಯ ಪಾಠ.

ಮೌಲ್ಯಮಾಪನದಲ್ಲಿ 29 ಮಕ್ಕಳು ಕಾರಣ ಸಹಿತ ಸಾಧಿಸಿದರು. ಐವರು ಚಿತ್ರ ಸರಿ ಬರೆದು ಅನುರೂಪ ಬಾಹುಗಳನ್ನು ಅದಲುಬದಲು ಮಾಡಿದರು. ನಾಲ್ವರಿಗೆ ಚಿತ್ರವೇ ಬರಲಿಲ್ಲ. ಅವರಲ್ಲಿ ಇಬ್ಬರು ಸ್ಕೌಟ್‌ಗಳು. ಗೂಟ ಕೊಟ್ಟರೆ ಈಗಲೂ ತಪ್ಪದೆ ನೆಡುತ್ತಾರೆ, ಹಾಳೆಯ ಮೇಲೆ ಅದೇ ಗೂಟ ಬಿಂದುವಾದಾಗ ಗುರುತು ಸಿಗುವುದಿಲ್ಲ. ಅವರಿಗಾಗಿ ಗೂಟಗಳ ನಡುವೆ ಬಣ್ಣದ ದಾರ ಕಟ್ಟಿಸಿ, ನೆಲದ ಮೇಲಿನ ತ್ರಿಭುಜವನ್ನು ನೋಡಿಕೊಂಡೇ ಚಿತ್ರ ಬರೆಸಲು ಹೊರಟಿದ್ದೇನೆ. ಈ ಸಲ ಮೂಲೆಗೆ ಹಗ್ಗ ಹಿಡಿಯುವ ಕೆಲಸ ಗಾರೆಯವರ ಮಗನದು, ಪಿ.ಇ. ಸಾರ್ ಒಪ್ಪಿದ್ದಾರೆ.