ಮಧ್ಯಮ ವರ್ಗವೂ ನಮ್ಮ ಗದ್ದೆಯೂ

ಸಮಾಜ ಪಾಠದಲ್ಲಿ ‘ಮಧ್ಯಮ ವರ್ಗ’ ಎಂಬ ಮಾತು ಬಂತು. ಊಟ, ಬಟ್ಟೆಯ ಖರ್ಚು ಕಳೆದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿಯುವವರು ಎಂದು ಮಾಷ್ಟ್ರು ಹೇಳಿದರು. ಮಿತ್ರರೇ, ಅಂಥವರು ಹೆಚ್ಚಾದರೆ ಏನಾಗುತ್ತದೆ? ನಮ್ಮ ಕೋಟದಲ್ಲೇ ನೋಡಬಹುದು.

ನಮ್ಮಲ್ಲಿ ನಟ್ಟಿಗೆ ಬರುತ್ತಿದ್ದ ಒಬ್ಬ ಅಕ್ಕನ ಮಗ ಬೆಂಗಳೂರಿನ ಹೋಟೆಲಿಗೆ ಸೇರಿದ. ಮೊದಲು ಲೋಟ ತೊಳೆದ, ಆಮೇಲೆ ದೋಸೆ ಹುಯ್ದ, ಈಗ ಗಲ್ಲಾದಲ್ಲಿ ಕೂತಿದ್ದಾನೆ. ಅವನು ಕಳಿಸಿದ ಹಣದಿಂದ ಮನೆಯ ಹಳೇ ಹಂಚಿನ ಮಾಡು ಹೋಗಿ ತಾರಸಿ ಬಂತು. ಕಲ್ಲು ಕಟ್ಟುವವರಿಗೆ, ಬಡಗಿಗೆ, ವಯರಿಂಗ್‌ನವನಿಗೆ ಕೆಲಸ. ಸಿಮೆಂಟ್ ಅಂಗಡಿಗೆ ವ್ಯಾಪಾರ. ಒಬ್ಬರ ಖರ್ಚು ಇನ್ನೊಬ್ಬರ ದುಡಿಮೆ ಎಂದರೆ ಇದೇ.

ಉಳಿದದ್ದು ಬ್ಯಾಂಕಿಗೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ (2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿತು) 1928ರಲ್ಲೇ ಪಿಗ್ಮಿ ಶುರು ಮಾಡಿತ್ತು. ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕೂಡಿಸಿಕೊಳ್ಳುವುದು. ಹಾಗೆ ಕೂಡಿದ ಹಣ ಇನ್ನೊಬ್ಬರಿಗೆ ಸಾಲವಾಗುತ್ತದೆ.

ಆದರೆ ಆ ಅಕ್ಕ ಈಗ ನಟ್ಟಿಗೆ ಬರುವುದಿಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಬರುವ ಒಬ್ಬಿಬ್ಬರ ಸಂಬಳ ಕೊಟ್ಟರೆ ನಮ್ಮ ಭತ್ತದಲ್ಲಿ ಏನೂ ಗಿಟ್ಟುವುದಿಲ್ಲ. “ನಟ್ಟಿಗೆ ಜನ ಸಿಕ್ತಿಲ್ಲೆ ಮಗಾ, ಗದ್ದೆ ಹಡಿಲು ಬಿತ್ತ್” ಎಂದು ಅಮ್ಮಮ್ಮ ಬೇಸರ ಮಾಡುತ್ತಾರೆ. ಬೇಸರ ನನಗೂ ಇದೆ. ಆದರೆ ಆ ಹುಡುಗಿ ಕೆಸರಿಗೆ ಇಳಿಯಲಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನಮ್ಮ ಅಪ್ಪಯ್ಯ ನನ್ನನ್ನೇ ಇಳಿಸುವುದಿಲ್ಲ.

ಈ ಮಳೆಗಾಲ ಮೇಲಿನ ಎರಡು ಗದ್ದೆಗೆ ನಟ್ಟಿ ಮಾಡುವ ಯಂತ್ರ ತರಿಸುತ್ತಾರಂತೆ. ಕೆಳಗಿನ ಬೈಲಿನಲ್ಲಿ ಕೆಸರು ಆಳ, ಯಂತ್ರ ಹೂತು ಹೋಗುತ್ತದೆ. ಅದು ಈ ಸಲವೂ ಹಡಿಲು.