ಲಕ್ವದ ನಂತರ ಮತ್ತೆ ನಡಿಗೆ: ರೋಬಾಟ್ ಯಂತ್ರ ಹತ್ತುವ ಮುನ್ನ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮನೆಯವರ ಪ್ರಶ್ನೆ ಒಂದೇ: ‘ಅಪ್ಪ ಮತ್ತೆ ನಡೀತಾರಾ ಡಾಕ್ಟ್ರೇ?’ ಡೊಂಬಿವಲಿಯಲ್ಲಿ ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಮನೆಯಿದ್ದರೆ ಆ ಪ್ರಶ್ನೆಯ ಭಾರ ಇನ್ನೂ ಹೆಚ್ಚು. ಮುಂಬೈಯ ಕೆಲವು ದೊಡ್ಡ ಖಾಸಗಿ ಕೇಂದ್ರಗಳಲ್ಲಿ ಈಗ ರೋಬಾಟ್ ನೆರವಿನ ನಡಿಗೆ ತರಬೇತಿ ಸಿಗುತ್ತದೆ. ಹಣ ಕಟ್ಟುವ ಮುಂಚೆ ಒಂದಿಷ್ಟು ತಿಳಿದಿರಲಿ.

ಈ ಬಗೆಯ ಯಂತ್ರಗಳಲ್ಲಿ ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್ ಹೆಸರಾದದ್ದು. ರೋಗಿಗೆ ಪಟ್ಟಿ ಬಿಗಿದು ಮೇಲಿನಿಂದ ಎತ್ತಿಹಿಡಿಯುವುದರಿಂದ ಮೈಭಾರದ ಒಂದು ಪಾಲನ್ನು ಯಂತ್ರವೇ ಹೊರುತ್ತದೆ. ಕಾಲಿಗೆ ಕಟ್ಟಿದ ಮೋಟರ್ ಚೌಕಟ್ಟು ಸೊಂಟ, ಮೊಣಕಾಲುಗಳನ್ನು ಮಡಿಸಿ ಚಾಚಿ ಟ್ರೆಡ್‌ಮಿಲ್ ಮೇಲೆ ಹೆಜ್ಜೆ ಹಾಕಿಸುತ್ತದೆ. ಗಂಟೆಗೆ 1.5 ಕಿ.ಮೀ. ವೇಗದಲ್ಲಿ 30 ನಿಮಿಷ ನಡೆದರೆ 750 ಮೀಟರ್. ಹೆಜ್ಜೆಗೆ ಅರ್ಧ ಮೀಟರ್ ಹಿಡಿದರೂ 1,500 ಹೆಜ್ಜೆ. ನಿಲ್ಲಲಾಗದ ರೋಗಿಯನ್ನು ಇಬ್ಬರು ಹಿಡಿದು ಇಷ್ಟು ನಡೆಸಲಾರರು. ಮಿದುಳು ಹೊಸ ದಾರಿ ಕಲಿಯುವುದಕ್ಕೆ ಬೇಕಾದದ್ದು ಇದೇ ಪುನರಾವರ್ತನೆ.

ಯಾರಿಗೆ ಉಪಯೋಗ?

ಕಾಕ್ರೇನ್ ಸಂಸ್ಥೆ 2020ರಲ್ಲಿ 62 ಅಧ್ಯಯನಗಳ, 2,440 ಜನರ ಫಲಿತಾಂಶ ಒಟ್ಟುಗೂಡಿಸಿ ನೋಡಿತು. ಫಿಸಿಯೊಥೆರಪಿಯ ಜೊತೆ ಯಂತ್ರವೂ ಇದ್ದರೆ, ಇನ್ನೊಬ್ಬರ ಆಸರೆಯಿಲ್ಲದೆ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ನಡಿಗೆಯ ವೇಗ ಮಾತ್ರ ಅದರಿಂದ ತುಸುವೇ ಹೆಚ್ಚಿತು. ಹೆಚ್ಚು ಲಾಭ ಲಕ್ವವಾದ ಮೊದಲ ಮೂರು ತಿಂಗಳೊಳಗಿನವರಿಗೆ, ಅದರಲ್ಲೂ ನಡೆಯಲೇ ಆಗದವರಿಗೆ. ಕೋಲು ಹಿಡಿದು ಆಗಲೇ ಓಡಾಡುತ್ತಿರುವವರು ಈ ಹಣವನ್ನು ಒಳ್ಳೆಯ ಫಿಸಿಯೊಥೆರಪಿಸ್ಟರಿಗೆ ಕೊಡುವುದೇ ಮೇಲು ಎಂದು ನನ್ನ ಅನಿಸಿಕೆ.

ಮೊದಲು ನರರೋಗ ತಜ್ಞರ ಒಪ್ಪಿಗೆ ಪಡೆಯಿರಿ. ಹತೋಟಿಗೆ ಬಾರದ ಬಿ.ಪಿ., ಹೃದಯದ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು, ತೀರ ಸವೆದ ಮೂಳೆ, ಕೂಡದ ಮುರಿತ, ಪಟ್ಟಿ ತಾಗುವಲ್ಲಿ ಹುಣ್ಣು, ಬಿಗಿದುಕೊಂಡ ಕೀಲು: ಇವುಗಳಲ್ಲಿ ಒಂದಿದ್ದರೂ ಮುಚ್ಚಿಡದೆ ಹೇಳಿ.

ಆಮೇಲೆ ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡಿ. ಒಂದು ಗಂಟೆಯ ಸಮಯದಲ್ಲಿ ಪಟ್ಟಿ ಕಟ್ಟಿ ಬಿಚ್ಚುವುದಕ್ಕೆ ಎಷ್ಟು ಹೋಗುತ್ತದೆ, ನಿಜವಾಗಿ ನಡೆಸುವುದು ಎಷ್ಟು ನಿಮಿಷ? ಯಂತ್ರ ಇಳಿದ ಮೇಲೆ ನೆಲದ ಮೇಲೂ ನಡೆಸುತ್ತಾರೆಯೇ? ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ವಾರದಿಂದ ವಾರಕ್ಕೆ ಯಂತ್ರದ ನೆರವನ್ನು ಎಷ್ಟು ಕಡಿಮೆ ಮಾಡುತ್ತೀರಿ? ಕಾಲನ್ನು ಯಂತ್ರವೇ ಎತ್ತಿ ಇಡುತ್ತಿದ್ದರೆ ರೋಗಿ ಸುಮ್ಮನೆ ತೂಗಿಕೊಂಡಿರುತ್ತಾರೆ. ಅವರು ಬೆವರಬೇಕು, ‘ಈ ಹೆಜ್ಜೆ ನಾನೇ ಇಟ್ಟೆ’ ಅನ್ನಬೇಕು. ಇದಕ್ಕೆ ಸರಿಯಾದ ಉತ್ತರ ಕೊಡದ ಕೇಂದ್ರ ಬೇಡ.

ಸೀರೆ, ಪಂಚೆಯಲ್ಲಿ ತೊಡೆಗೆ ಪಟ್ಟಿ ಬಿಗಿಯಲಾಗದು. ಜೀವಮಾನವಿಡೀ ಸೀರೆಯುಟ್ಟ ಅಮ್ಮನಿಗೆ ಪ್ಯಾಂಟ್ ಹಾಕಿಕೊಳ್ಳಲು ಸಂಕೋಚ ಸಹಜ; ಎರಡು ದಿನ ಮೊದಲೇ ಮನೆಯಲ್ಲಿ ತೊಡಿಸಿ ರೂಢಿ ಮಾಡಿಸಿ. ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಇರಲಿ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರೀತು.

ದೂರ ಮತ್ತು ದುಡ್ಡು

ಮೀರಾ ರೋಡಿನಿಂದ ದಕ್ಷಿಣ ಮುಂಬೈಗೆ ಎರಡು ಗಂಟೆ ಟ್ಯಾಕ್ಸಿಯಲ್ಲಿ ಕುಳಿತು ಬಂದವರಿಗೆ ಯಂತ್ರ ಹತ್ತುವ ಮೊದಲೇ ಶಕ್ತಿ ಮುಗಿದಿರುತ್ತದೆ. ವಾರಕ್ಕೆ ಮೂರ್ನಾಲ್ಕು ಸಲ ಹೋಗಿಬರಲಾಗುವ ಸಾದಾ ಕೇಂದ್ರ, ತಿಂಗಳಿಗೆರಡು ಸಲ ಮುಟ್ಟುವ ಹೆಸರುವಾಸಿ ಆಸ್ಪತ್ರೆಗಿಂತ ಲೇಸು. ಲೋಕಲ್‌ನಲ್ಲಿ ಹೋಗುವಷ್ಟಾದ ಮೇಲೆ ಹ್ಯಾಂಡಿಕ್ಯಾಪ್ ಡಬ್ಬಿ ಇದೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವ ಬಗ್ಗೆ ವೈದ್ಯರನ್ನು ಕೇಳಿಡಿ.

ಆಸ್ಪತ್ರೆಯಿಂದ ಬಂದ ನಂತರದ ಖರ್ಚನ್ನು ವಿಮೆ ಎಷ್ಟು ದಿನ ಕೊಡುತ್ತದೆ, ಅದರಲ್ಲಿ ರೋಬಾಟ್ ಥೆರಪಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಹಣ ಹೊಂದದಿದ್ದರೆ ಎದೆಗುಂದಬೇಡಿ. ಹಾಜಿ ಅಲಿಯಲ್ಲಿ 1955ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇಂಥ ಕೆಲಸಕ್ಕೆಂದೇ ಇದೆ. ಪಾದ ಜೋತು ಬಿದ್ದರೆ ಬೇಕಾಗುವ ಸ್ಪ್ಲಿಂಟಿಗೂ ಅಲ್ಲಿ ವಿಚಾರಿಸಬಹುದು. ಪರೇಲಿನ ಕೆ.ಇ.ಎಂ., ಸಾಯನ್, ನಾಯರ್ ಮಹಾನಗರಪಾಲಿಕೆಯ ಆಸ್ಪತ್ರೆಗಳು. ಅಲ್ಲೂ ಫಿಸಿಯೊಥೆರಪಿ ಉಂಟು.

ಯಂತ್ರದ ದಿನಗಳ ನಡುವೆ ಮನೆಯಲ್ಲೂ ಅಭ್ಯಾಸ ನಿಲ್ಲಬಾರದು. ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಹತ್ತು ಸಲದಂತೆ ಮಾಡಿಸಿ. ಥೆರಪಿಸ್ಟರು ಒಪ್ಪಿದ ಮೇಲೆ ಚಾಳಿನ ಗ್ಯಾಲರಿಯಲ್ಲಿ ಕಠಡಾ ಹಿಡಿಸಿ ನಡೆಸಿ. ನೀವು ಸೋತ ಕಾಲಿನ ಕಡೆ ನಿಲ್ಲಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಮೊದಲು ಒರೆಸಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.